ಅಂಗಿಯೊಳಗಿನ ಐನೂರು ಗ್ರಾಂ

ಹಗುರವಾಗಿರಬೇಕು, ಚಿಕ್ಕದಾಗಿರಬೇಕು, ಅಂಗಿಯ ಮೇಲಿಂದ ಯಾರಿಗೂ ಗೊತ್ತಾಗಬಾರದು. ರಿವಾಲ್ವರ್ ಕೊಳ್ಳಲು ಹೊರಟವರು ಮುಂದಿಡುವ ಷರತ್ತುಗಳು ಸಾಮಾನ್ಯವಾಗಿ ಇವೇ. ಕಾರವಾರದಲ್ಲಿ ನಮಗೆ ಪರಿಚಯವಿರುವ ವ್ಯಾಪಾರಿಯೊಬ್ಬರೂ ಹೀಗೆಯೇ ಕೇಳುತ್ತಿದ್ದರು. ಯಾವುದನ್ನು ಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಕೊಂಡ ಮೇಲೆ ನಾವು ಯಾರಾಗುತ್ತೇವೆ ಎಂಬುದು ನಮ್ಮದು.

ಮೊದಲು ಅವರ ಭಯಕ್ಕೆ ನ್ಯಾಯ ಸಲ್ಲಿಸಬೇಕು. ಈ ಕರಾವಳಿಯಲ್ಲಿ ಅದು ಕಟ್ಟುಕತೆಯಲ್ಲ. 2000ದ ಫೆಬ್ರುವರಿಯಲ್ಲಿ ಶಾಸಕರಾಗಿದ್ದ ವಸಂತ ಅಸ್ನೋಟಿಕರ್ ಕಾರವಾರದಲ್ಲೇ ಗುಂಡಿಗೆ ಬಲಿಯಾದರು. 2013ರ ಡಿಸೆಂಬರಿನಲ್ಲಿ ಅಂಕೋಲಾದಲ್ಲಿ ಉದ್ಯಮಿ ಆರ್.ಎನ್. ನಾಯಕರನ್ನು ಹಾಡಹಗಲೇ ಕೊಂದರು. ಹಣಕ್ಕಾಗಿ ಬೆದರಿಕೆ ಮೊದಲೇ ಬಂದಿತ್ತು, ಜೊತೆಗೆ ಗನ್‌ಮ್ಯಾನ್ ಇದ್ದ. ಆ ಗನ್‌ಮ್ಯಾನ್ ಹಾರಿಸಿದ ಗುಂಡಿಗೆ ದಾಳಿಕೋರರಲ್ಲೊಬ್ಬ ಸತ್ತ. ನಾಯಕರು ಮಾತ್ರ ಉಳಿಯಲಿಲ್ಲ. ಕೊಲ್ಲಿಸಿದ ಬನ್ನಂಜೆ ರಾಜಾನನ್ನು 2015ರಲ್ಲಿ ಮೊರಾಕ್ಕೊ ದೇಶದಿಂದ ಕರೆತರಲಾಯಿತು. ಬೆಳಗಾವಿಯ ವಿಶೇಷ ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸುವಾಗ 2022 ಬಂದಿತ್ತು.

ಈ ಪ್ರಕರಣವನ್ನು ಎರಡು ಬಗೆಯಲ್ಲಿ ಓದಬಹುದು. ನ್ಯಾಯ ಬರಲು ಎಂಟು ವರ್ಷ ಬೇಕಾದರೆ ಅಷ್ಟರಲ್ಲಿ ನನ್ನ ಹೆಂಡತಿ ಮಕ್ಕಳಿಗೆ ಯಾರು ದಿಕ್ಕು ಎಂದು ವ್ಯಾಪಾರಿ ಕೇಳಿದರೆ ಅದನ್ನು ತಳ್ಳಿಹಾಕುವ ಧೈರ್ಯ ನಮಗಿಲ್ಲ. ಆದರೆ ತರಬೇತಾದ ಕೈ, ಸಿದ್ಧವಾಗಿದ್ದ ಆಯುಧ ಎರಡೂ ಪಕ್ಕದಲ್ಲಿದ್ದಾಗಲೂ ಅಂದು ಜೀವ ಉಳಿಯಲಿಲ್ಲ ಎಂಬುದನ್ನೂ ನೋಡಬೇಕು. ಕೊಲ್ಲಲು ಬಂದವನು ಹೊತ್ತು, ಜಾಗ, ದಿಕ್ಕು ಎಲ್ಲವನ್ನೂ ತಾನೇ ಆರಿಸಿಕೊಂಡು ಬರುತ್ತಾನೆ. ರಕ್ಷಿಸಿಕೊಳ್ಳುವವನು ಯಾವಾಗಲೂ ಎರಡನೆಯವನು.

ಈಗ ಹಗುರದ ಮಾತು. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದೇ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೊರತಂದಿತು. ಟೈಟಾನಿಯಂ ಮಿಶ್ರಲೋಹ, ಪಾಯಿಂಟ್ 32 ಕ್ಯಾಲಿಬರ್, ಆರು ಗುಂಡು, ತೂಕ 500 ಗ್ರಾಂ. ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಮೀನಿನ ಬುಟ್ಟಿ ಹೊತ್ತು ಕತ್ತಲಲ್ಲೇ ಹೊರಡುವ ಕಾರವಾರದ ಹೆಂಗಸು ಆ ಪೆಟ್ಟಿಗೆಯನ್ನು ತೆರೆಯುವುದು ಯಾವ ಜನ್ಮಕ್ಕೆ? ಸುರಕ್ಷತೆಯನ್ನು ಒಬ್ಬೊಬ್ಬರೇ ಕೊಂಡುಕೊಳ್ಳುವ ಸರಕಾಗಿಸಿದಾಗ ಕೊಳ್ಳಲಾಗದವರು ಹೊರಗುಳಿಯುತ್ತಾರೆ. ಕೊಂಡವರು ಬೀದಿದೀಪಕ್ಕಾಗಿ ಪುರಸಭೆಯ ಮುಂದೆ ನಿಲ್ಲುವುದನ್ನೂ ಬಿಡುತ್ತಾರೆ.

ಹಗುರಕ್ಕೆ ಇನ್ನೊಂದು ಬೆಲೆಯೂ ಇದೆ. ಅದೇ ಗುಂಡನ್ನು ಹಗುರ ಆಯುಧದಿಂದ ಹಾರಿಸಿದರೆ ಕೈಗೆ ಬೀಳುವ ಒದೆತ ಹೆಚ್ಚು. ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯುವುದು ಕಷ್ಟ; ಬೆರಳು ಕೂದಲಷ್ಟು ನಡುಗಿದರೂ ಗುಂಡು ದಾರಿ ತಪ್ಪುತ್ತದೆ. ಹೊತ್ತುಕೊಳ್ಳಲು ಸುಲಭವಾದದ್ದು ಹೊಡೆಯಲು ಸುಲಭವಲ್ಲ. ವರ್ಷಕ್ಕೊಮ್ಮೆಯೂ ಅಭ್ಯಾಸ ಮಾಡದವನು ಕಾರವಾರದ ಭಾನುವಾರದ ಸಂತೆಯಲ್ಲಿ ಗಾಬರಿಯಿಂದ ಗುಂಡು ಹಾರಿಸಿದರೆ ಅದು ಯಾರ ಎದೆಗೆ? ಬಾಣ ಹಿಡಿದು ಮಸೀದಿಯನ್ನೋ ಪೇಟೆಯನ್ನೋ ಹಾದುಹೋಗುವವನು ಅದರ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಲಿ, ಯಾರಿಗೂ ತಾಗದಿರಲಿ ಎಂದು ಪ್ರವಾದಿಯವರು ಹೇಳಿದ್ದು ಹದೀಸಿನಲ್ಲಿದೆ. ಆಯುಧ ಬೇಡವೆಂದು ಅದು ಹೇಳುವುದಿಲ್ಲ. ಅದರ ಅಪಾಯ ಮೊದಲು ಹೊತ್ತವನ ಅಂಗೈಯಲ್ಲಿರಲಿ, ಪಕ್ಕದವನ ಮೈಯಲ್ಲಲ್ಲ ಎನ್ನುತ್ತದೆ. ಗುಂಡಿನ ಮೊನೆಯನ್ನು ಹಾಗೆ ಹಿಡಿಯುವುದು ಹೇಗೆ?

ಅಂಕೋಲಾದ ಹಳ್ಳಿಗಳಲ್ಲಿ ಬಂದೂಕು ಹೊಸದಲ್ಲ. ಕಾಡುಹಂದಿಯಿಂದ ಗದ್ದೆ ಕಾಯಲು ಪರವಾನಗಿ ಪಡೆದ ರೈತರಿದ್ದಾರೆ. ಯಾರ ಮನೆಯಲ್ಲಿ ಬಂದೂಕಿದೆ ಎಂಬುದು ಊರಿಗೆಲ್ಲ ಗೊತ್ತು. ಹೆಗಲ ಮೇಲಿನ ಆ ಬಂದೂಕು ನೆರೆಯವನೊಡನೆ ಮಾತಾಡುತ್ತದೆ, ಹಂದಿಗೆ ಹೊರಟೆ ಎನ್ನುತ್ತದೆ. ಸೊಂಟದಲ್ಲಿ ಅಡಗಿದ ರಿವಾಲ್ವರ್ ಯಾರೊಡನೆಯೂ ಮಾತಾಡುವುದಿಲ್ಲ. ಚಹಾದಂಗಡಿಯಲ್ಲಿ ಎದುರು ಕುಳಿತವನು ನಮ್ಮನ್ನು ನಂಬಿ ನಗುತ್ತಿರುವಾಗ ನಾವು ಅವನನ್ನು ಒಳಗೊಳಗೇ ಅಳೆಯುತ್ತಿರುತ್ತೇವೆ. ಉರ್ದುವಿನ ಭರೋಸಾ ಎಂಬ ಪದ ಎರಡೂ ಕಡೆಯವರು ಬರಿಗೈಯಲ್ಲಿದ್ದಾಗ ಮಾತ್ರ ಪೂರ್ತಿ ನಿಲ್ಲುತ್ತದೆ ಎಂದು ನಮಗನ್ನಿಸುತ್ತದೆ. ಕಾನೂನೇನೋ ಆಯುಧವನ್ನು ಹೋಲ್‌ಸ್ಟರಿನಲ್ಲಿ ಮುಚ್ಚಿ ಒಯ್ಯಲು ಹೇಳುತ್ತದೆ, ಜನ ಬೆದರದಿರಲಿ ಎಂದು. ಅದು ಸರಿಯೇ. ಆದರೆ ಬೆದರಿಸದೆ ಇರುವುದಕ್ಕೂ ನಂಬುವುದಕ್ಕೂ ದೂರವಿದೆ. (ನಮ್ಮಂಥ ಹೆಸರಿನವನ ಸೊಂಟದಲ್ಲಿ ಪರವಾನಗಿಯುಳ್ಳ ರಿವಾಲ್ವರ್ ಸಿಕ್ಕರೂ ಮರುದಿನದ ಪತ್ರಿಕೆಯಲ್ಲಿ ಅದು 'ಶಸ್ತ್ರಾಸ್ತ್ರ'ವಾಗಿರುತ್ತದೆ ಎಂಬುದು ಬೇರೆ ಮಾತು.)

ಮನೆಯೊಳಗೂ ತೊಡಕಿದೆ. ಕಳ್ಳ ಬಂದಾಗ ತಕ್ಷಣ ಕೈಗೆ ಸಿಗಬೇಕು, ಮಗುವಿನ ಕೈಗೆ ಎಂದೂ ಸಿಗಬಾರದು. ಹಾಗಿರುವ ಕಪಾಟು ಯಾವುದೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಕೈಬಂದೂಕು ಹೊಂದಿದ ಗಂಡಸರು ಹೊಂದಿಲ್ಲದವರಿಗಿಂತ ಸುಮಾರು ಎಂಟು ಪಟ್ಟು ಹೆಚ್ಚಾಗಿ ತಮ್ಮದೇ ಗುಂಡಿನಿಂದ ಆತ್ಮಹತ್ಯೆ ಮಾಡಿಕೊಂಡದ್ದನ್ನು ತೋರಿಸಿತು. ಹೊರಗಿನವನಿಗೆಂದು ತಂದದ್ದು ಒಳಗಿನವನ ಕಡೆ ತಿರುಗುತ್ತದೆ. ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟ ರಾತ್ರಿಗಳು ನಮ್ಮ ವ್ಯಾಪಾರಿಗಳಿಗೆ ಕಡಿಮೆಯೇ?

ಉಪ್ಪಿನ ಸತ್ಯಾಗ್ರಹದ ಊರಾದ ಅಂಕೋಲಾವನ್ನು ಇಲ್ಲಿ ಉದಾಹರಿಸಿ ಮಾತು ಮುಗಿಸಿಬಿಡುವುದು ಸುಲಭ. ಅದು ಅಷ್ಟು ಪ್ರಾಮಾಣಿಕವಲ್ಲ. 1930ರ ಏಪ್ರಿಲಿನಲ್ಲಿ ಲಾಠಿಯ ಎದುರು ಬರಿಗೈಯಲ್ಲಿ ನಿಂತವರು ಒಟ್ಟಿಗೆ ನಿಂತಿದ್ದರು, ಊರೇ ನೋಡುತ್ತಿತ್ತು. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ನಗದಿನ ಚೀಲ ಹಿಡಿದು ಒಬ್ಬನೇ ನಡೆಯುವವನಿಗೆ ಅಂಥ ಊರು ಜೊತೆಗಿಲ್ಲ. ಆತ್ಮರಕ್ಷಣೆಯ ಹಕ್ಕನ್ನು ಹಿಂದಿನ ದಂಡಸಂಹಿತೆಯೂ ಕೊಟ್ಟಿತ್ತು, 2024ರ ಜುಲೈನಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯೂ ಕೊಟ್ಟಿದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಷರತ್ತಿನೊಂದಿಗೆ. ಆ ಅಗತ್ಯವನ್ನು ಅರೆಕ್ಷಣದಲ್ಲಿ ಅಳೆಯಬೇಕಾದವನು ಭಯಗೊಂಡ ಮನುಷ್ಯ, ಅಳತೆಗೋಲು ಅವನ ಭಯ.

ಚುನಾವಣೆ ಘೋಷಣೆಯಾದಾಗಲೆಲ್ಲ ಪರವಾನಗಿದಾರರು ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಗದ್ದೆಗೆ ಹಂದಿ ಬರುತ್ತದೆಂದು ರೈತರು ತಕರಾರು ಮಾಡುತ್ತಾರೆ, ಅದು ನ್ಯಾಯವೂ ಹೌದು. ಪೇಟೆಯಲ್ಲಿ ರಿವಾಲ್ವರ್ ಇಟ್ಟುಕೊಂಡವರೂ ಆ ವಾರಗಳಲ್ಲಿ ಅದಿಲ್ಲದೆಯೇ ಅಂಗಡಿ ತೆರೆಯುತ್ತಾರೆ, ರಾತ್ರಿ ಅದಿಲ್ಲದೆಯೇ ಮನೆಗೆ ನಡೆಯುತ್ತಾರೆ. ಆಗ ಹೇಗಿತ್ತು, ಯಾರನ್ನು ಜೊತೆಗೆ ಕರೆದುಕೊಂಡಿರಿ ಎಂದು ಅವರನ್ನೊಮ್ಮೆ ಕೇಳಬೇಕೆಂದಿದ್ದೇವೆ.