ಸಂಶಯದ ಅರ್ಧ ಅಂಕ

ನಮ್ಮ ಬೀದಿಗೆ ಮೀನು ಹೊತ್ತು ತರುವ ಹೆಂಗಸು ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುವುದು ನಮ್ಮ ಮನೆಯ ಮೆಟ್ಟಿಲ ಮೇಲೆಯೇ. ನನಗೂ ಅವಳಿಗೂ ಹದಿನೈದು ವರ್ಷಗಳ ಪರಿಚಯ. ಕಳೆದ ವರ್ಷ ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ಹೊಸತರಲ್ಲಿ ಒಂದು ದಿನ ಅವಳ ಬುಟ್ಟಿಯ ತುಂಬ ಬೂತಾಯಿ ಇತ್ತು. ಬೂತಾಯಿ ಎಂದರೆ ಕುಂದಾಪುರದ ಕಡೆಯವರ ಬೈಗೆ, ಕಾರವಾರದವರ ತಾರ್ಲೆ. ಆದರೆ ಆ ದಿನದ ಮೀನು ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದವಿತ್ತು, ಅಷ್ಟೆ. ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆಗಳ ಜೊತೆಗಿದ್ದ ಅಳತೆಪಟ್ಟಿಯನ್ನು ತಂದು ಒಂದು ಮೀನಿನ ಪಕ್ಕದಲ್ಲಿಟ್ಟೆ. ಒಂಬತ್ತು ಸೆಂಟಿಮೀಟರ್.

"ಟೀಚರಿಗೆ ಈಗ ಮೀನಿಗೂ ಪರೀಕ್ಷೆಯಾ?" ಎಂದು ಅವಳು ನಕ್ಕಳು. "ಇಷ್ಟು ಮರಿಯನ್ನು ಯಾಕೆ ತಂದೆ?" ಎಂದೆ. "ಬಂದರಿನಲ್ಲಿ ಬಂದದ್ದನ್ನು ತರುತ್ತೇನೆ. ನೀವು ಬೇಡವೆಂದರೆ ಹುಡಿ ಮಾಡುವ ಫ್ಯಾಕ್ಟರಿಯ ಲಾರಿ ಬೇಕು ಎನ್ನುತ್ತದೆ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅರ್ಧ ಕಿಲೋ ತೆಗೆದುಕೊಂಡೆ. ಪುಳಿಮುಂಚಿ ಮಾಡಿದೆ. ರುಚಿಯಾಗಿಯೇ ಇತ್ತು. ಆದರೆ ಊಟದ ನಂತರವೂ ಮನಸ್ಸಿನಲ್ಲಿ ಏನೋ ಒಂದು ಸಣ್ಣ ಮುಳ್ಳು ಉಳಿದುಕೊಂಡಿತು. ಅದನ್ನು ತೆಗೆಯುವ ಪ್ರಯತ್ನ ಈ ಬರೆಹ.

ಅಳತೆಪಟ್ಟಿಯ ವಿಷಯ ನನ್ನ ತಲೆಗೆ ಹಾಕಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಹುಡುಗಿ. ಒಮ್ಮೆ ಮನೆಗೆ ಬಂದಾಗ ನಾನು ಬಹುದಿನದ ಸಂದೇಹವೊಂದನ್ನು ಕೇಳಿದ್ದೆ: "ಕಡಲಿನೊಳಗಿನ ಮೀನನ್ನು ನೀವು ಎಣಿಸುವುದು ಹೇಗೆ?" ಅವಳು, "ಎಣಿಸುವುದಿಲ್ಲ ಟೀಚರ್, ಅಂದಾಜು ಮಾಡುತ್ತೇವೆ" ಎಂದಳು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಶುರುವಾದದ್ದು 1947ರಲ್ಲಿ. ಅದರ ಸಿಬ್ಬಂದಿ ಆರಿಸಿಕೊಂಡ ಕೆಲವು ದಿನಗಳಲ್ಲಿ ಬಂದರುಗಳಿಗೆ ಹೋಗುತ್ತಾರೆ. ಬಂದ ಬೋಟುಗಳಲ್ಲಿ ಕೆಲವನ್ನು ಆರಿಸಿ ಎಷ್ಟು ಮೀನು ಬಂತು, ಎಷ್ಟು ಹೊತ್ತು ಬಲೆ ಬಿಟ್ಟಿದ್ದರು ಎಂದು ಬರೆದುಕೊಳ್ಳುತ್ತಾರೆ. ಒಂದಷ್ಟು ಮೀನನ್ನು ಅಳೆದು ತೂಗುತ್ತಾರೆ, ಹೊಟ್ಟೆ ಸೀಳಿ ಮೊಟ್ಟೆ ಎಷ್ಟು ಬಲಿತಿದೆ ಎಂದು ನೋಡುತ್ತಾರೆ, ಕಿವಿಯೊಳಗಿನ ಪುಟ್ಟ ಕಲ್ಲಿನಿಂದ ವಯಸ್ಸನ್ನು ಊಹಿಸುತ್ತಾರೆ. ಸಿಕ್ಕಿದ ಸತ್ತ ಮೀನಿನಿಂದ ಸಿಗದೆ ಉಳಿದ ಬದುಕಿರುವ ಮೀನಿನ ಲೆಕ್ಕ! ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ನೋಡುವ ನಮಗೆ ಈ ವಿದ್ಯೆ ತೀರ ಅಪರಿಚಿತವೇನಲ್ಲ.

ಬೂತಾಯಿಯ ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷವಂತೆ. ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಮೊದಲ ಸಲ ಮೊಟ್ಟೆಗೆ ಸಿದ್ಧವಾಗುವಾಗ ಬಹುಪಾಲು ಬೂತಾಯಿ ಸುಮಾರು 15 ಸೆಂಟಿಮೀಟರ್ ಇರುತ್ತದೆ. ಎಂದರೆ, ಶಾಲೆಯ ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಅಳತೆಪಟ್ಟಿಯಷ್ಟು. ಕೇರಳ ಸರಕಾರ 2015ರಲ್ಲಿ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಎಂದು ಕನಿಷ್ಠ ಗಾತ್ರ ಗೊತ್ತುಮಾಡಿತು. ಅದಕ್ಕಿಂತ ಸಣ್ಣದನ್ನು ಹಿಡಿಯಬಾರದು. ನನ್ನ ಅಡುಗೆಮನೆಗೆ ಬಂದದ್ದು ಆ ಗೆರೆಯನ್ನೂ ಮುಟ್ಟಿರಲಿಲ್ಲ.

ಇಷ್ಟೇ ಆಗಿದ್ದರೆ ಪ್ರಶ್ನೆ ಸುಲಭವಿತ್ತು. ಮರಿಯನ್ನು ಹಿಡಿಯುವುದು ತಪ್ಪು, ತಿನ್ನುವುದು ತಪ್ಪು, ಎಂದು ನೀತಿಪಾಠ ಮುಗಿಸಬಹುದಿತ್ತು. ಆದರೆ ಕಡಲಿನ ಲೆಕ್ಕ ಅಷ್ಟು ನೇರವಾಗಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ. ನೂರು ರೂಪಾಯಿ ಇದ್ದ ಕೈಯಲ್ಲಿ ಒಂದು ರೂಪಾಯಿಯೂ ಉಳಿಯಲಿಲ್ಲವೆನ್ನಿ. ಬಲೆಗಳು ಬರಿದುಮಾಡಿದವು ಎಂದು ನಾವೆಲ್ಲ ಹೇಳಿದೆವು. ಆದರೆ ಮರುವರ್ಷವೇ, 2022ರಲ್ಲಿ, ಅದು ಮತ್ತೆ ಒಂದು ಲಕ್ಷ ಟನ್ ದಾಟಿತು! ಮನುಷ್ಯ ಹಿಡಿದದ್ದರಿಂದಲೇ ಮುಗಿದುಹೋಗಿದ್ದರೆ ಒಂದೇ ವರ್ಷದಲ್ಲಿ ಹೇಗೆ ತಿರುಗಿ ಬಂತು?

ನನ್ನ ಹುಡುಗಿ ವಿವರಿಸಿದಳು: ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ ಸತ್ವಯುತ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಅದೇ ಬೂತಾಯಿಯ ಮೇವು. ಮಳೆ, ಗಾಳಿ, ನೀರಿನ ಬಿಸಿ ಇವುಗಳಲ್ಲಿ ಒಂದು ಹದ ತಪ್ಪಿದರೂ ಆ ವರ್ಷದ ಮರಿಗಳು ಉಳಿಯುವುದಿಲ್ಲ. ಹದ ಕೂಡಿದರೆ ಕೋಟಿಗಟ್ಟಲೆ ಉಳಿಯುತ್ತವೆ. ಬ್ಯಾಂಕಿನಲ್ಲಿ ಹಣವಿಟ್ಟು ಬಡ್ಡಿಯನ್ನಷ್ಟೇ ತಿನ್ನಬೇಕು, ಅಸಲನ್ನು ಮುಟ್ಟಬಾರದು ಎನ್ನುವುದು ಮೀನುಗಾರಿಕೆಯ ಶಾಸ್ತ್ರಕ್ಕೂ ಮೂಲಪಾಠ. ಆದರೆ ಈ ಬ್ಯಾಂಕಿನಲ್ಲಿ ಅಸಲೇ ವರ್ಷ ವರ್ಷ ಏರಿಳಿಯುತ್ತದೆ. ಹಾಗಾಗಿ ಮೀನು ಕಡಿಮೆಯಾದ ವರ್ಷ, ಅದು ನಮ್ಮ ತಪ್ಪೋ ಕಡಲಿನ ಲೀಲೆಯೋ ಎಂದು ಖಚಿತವಾಗಿ ಬೇರ್ಪಡಿಸಿ ಹೇಳುವುದು ಪಂಡಿತರಿಗೂ ಕಷ್ಟ.

ಈ ಸಂಶಯ ಇಂದಿನದೂ ಅಲ್ಲ. ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೂ ಬೂತಾಯಿ ಹಲವು ವರ್ಷ ಕೈಕೊಟ್ಟಿತ್ತು. ಮರಿಗಳನ್ನು ಹಿಡಿದದ್ದೇ ಕಾರಣವೆಂದು 1943ರಲ್ಲಿ ಸರಕಾರ ನಿರ್ಬಂಧ ಹಾಕಿತು. ಅದನ್ನು ಜಾರಿಗೊಳಿಸುವುದು ಕಷ್ಟವಾಗಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು.

ನನ್ನ ಪ್ರಶ್ನೆ ಇರುವುದು ಇಲ್ಲಿಯೇ. ತಪ್ಪು ನಮ್ಮದೇ ಎಂದು ಖಚಿತವಾಗದಿದ್ದಾಗಲೂ ನಾವು ಕೈ ಹಿಂದೆಗೆಯಬೇಕೆ? ಖಚಿತವಾಗುವವರೆಗೆ ಬಾಚಿಕೊಳ್ಳಬಹುದೆ?

ಇದನ್ನು ದೂರ ನಿಂತು ಕೇಳುವ ಹಕ್ಕು ನನಗಿಲ್ಲ. ನನ್ನ ಅಪ್ಪ ರಂಪಣಿ ಬಲೆಯವರು. ದಡದ ಸಮೀಪ ಹಿಂಡು ಬಂದದ್ದನ್ನು ಕಂಡರೆ ದೋಣಿಯಲ್ಲಿ ಹೋಗಿ ಉದ್ದದ ಬಲೆಯನ್ನು ಬಿಲ್ಲಿನ ಹಾಗೆ ಹರಡಿ, ಎರಡೂ ತುದಿಗಳನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯುತ್ತಿದ್ದರು. ಹಗ್ಗಕ್ಕೆ ಕೈಹಾಕಿದ ಮಕ್ಕಳಿಗೂ ಒಂದು ಹಿಡಿ ಮೀನು ಸಿಗುತ್ತಿತ್ತು. ಆ ಕಾಲವನ್ನು ಸತ್ಯಯುಗವೆಂದು ಹೇಳಲಾರೆ. ಬಲೆ ತುಂಬಿದ ದಿನ ತಿಂದು ಮಾರಿ ಮಿಕ್ಕ ಬೂತಾಯಿ ಮರಳಿನ ಮೇಲೆ ರಾಶಿ ಬಿದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋದದ್ದನ್ನು ನಾನೇ ಕಂಡಿದ್ದೇನೆ. ನಮಗಿದ್ದದ್ದು ಸಂಯಮವಲ್ಲ, ಕೈಗೆಟುಕದಿರುವಿಕೆ. ದಡಕ್ಕೆ ಬಾರದ ಮೀನು ನಮ್ಮದಾಗಿರಲಿಲ್ಲ, ಅಷ್ಟೆ.

1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡನ್ನು ಹುಡುಕಿಕೊಂಡು ಹೋಗಿ, ಸುತ್ತುವರಿದು, ಚೀಲದ ಬಾಯಿ ಕಟ್ಟಿದಂತೆ ಬಲೆಯ ತಳವನ್ನು ಬಿಗಿಯುವ ಉಪಾಯ. ರಂಪಣಿಯವರು ಪ್ರತಿಭಟಿಸಿದರು, ಜಗಳಗಳಾದವು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮ ಮನೆಯೊಳಗೂ ಜಗಳವಾಯಿತು, ಏಕೆಂದರೆ ನನ್ನ ಅಣ್ಣ ಪರ್ಸೀನ್ ಬೋಟಿಗೆ ಹೋಗಲು ಹೊರಟಿದ್ದ. "ದಡಕ್ಕೆ ಬಂದದ್ದನ್ನು ಹಿಡಿಯುವುದು ಬೇರೆ, ಬೆನ್ನಟ್ಟಿ ಹಿಡಿಯುವುದು ಬೇರೆ" ಎಂದರು ಅಪ್ಪ. "ಮೀನು ದಡಕ್ಕೆ ಬರುವವರೆಗೆ ಹೊಟ್ಟೆ ಕಾಯುತ್ತದಾ? ತಂಗಿಯ ಶಾಲೆ ಕಾಯುತ್ತದಾ?" ಎಂದ ಅಣ್ಣ. ಅಪ್ಪ ಎದ್ದು ಹೊರಗೆ ಹೋದರು. ಮುಂದೆ ಕೆಲವೇ ವರ್ಷಗಳಲ್ಲಿ ಅವರ ಬಲೆ ಮಾಡಿನ ಮೇಲೇರಿತು. ನನ್ನ ಬಿ.ಎ., ಬಿ.ಎಡ್.ಗಳ ಶುಲ್ಕ ಅಣ್ಣನ ಬೋಟಿನ ದುಡಿಮೆಯಿಂದ ಬಂತು. ಅಪ್ಪನ ಬಲೆಯನ್ನು ಮೂಲೆಗೆ ಹಾಕಿದ ಬೋಟು ನನ್ನನ್ನು ಟೀಚರ್ ಮಾಡಿತು. ಈ ಕಥೆಯಲ್ಲಿ ನಾನು ಯಾರ ಪಕ್ಷ?

ಇತ್ತೀಚೆಗೆ ಅಣ್ಣನೊಂದಿಗೆ ಈ ಮಾತು ಎತ್ತಿದೆ. ಅವನಿಗೀಗ ಅರವತ್ತು ದಾಟಿದೆ, ಕಡಲಿಗೆ ಹೋಗುವುದಿಲ್ಲ. "ನಾವು ಹಿಡಿಯದಿದ್ದರೂ ಆ ಮೀನು ಎರಡು ವರ್ಷಕ್ಕೆ ಸಾಯುತ್ತದೆ. ಕಡಲು ಕೊಡುವಾಗ ಕೊಡುತ್ತದೆ, ಇಲ್ಲವೆನ್ನುವಾಗ ಇಲ್ಲವೆನ್ನುತ್ತದೆ. 2021ರಲ್ಲಿ ಕೇರಳದವರು ಎಲ್ಲ ಮುಗಿಯಿತೆಂದು ಅಳಲಿಲ್ಲವಾ? ಬರಲಿಲ್ಲವಾ ತಿರುಗಿ?" ಎಂದ. ಅವನ ಮಾತಿನಲ್ಲಿ ಅನುಭವವಿದೆ, ತಳ್ಳಿಹಾಕಲಾರೆ. ಆದರೆ ನನಗೆ ಪೆರು ದೇಶದ ಕಥೆ ನೆನಪಾಯಿತು. ಅಲ್ಲಿಯದೂ ಬೂತಾಯಿಯಂಥದೇ ಪುಟ್ಟ ಮೀನು, ಆಂಚೊವೆಟಾ. ಅದನ್ನೂ ಹುಡಿ ಮಾಡಿ ಕೋಳಿ, ಹಂದಿಗಳ ಮೇವಿಗೆ ಮಾರುತ್ತಿದ್ದರು. ವರ್ಷಕ್ಕೆ 95 ಲಕ್ಷ ಟನ್ನಿನ ಆಸುಪಾಸಿಗೆ ನಿಲ್ಲಿಸಿರೆಂದು ತಜ್ಞರು ಹೇಳಿದ್ದರು. 1970ರಲ್ಲಿ ಹಿಡಿದದ್ದು 1.2 ಕೋಟಿ ಟನ್ನಿಗೂ ಹೆಚ್ಚು. 1972ರಲ್ಲಿ ಎಲ್ ನಿನ್ಯೋ ಬಂದು ನೀರು ಬಿಸಿಯಾಯಿತು. 1973ರಲ್ಲಿ ಸಿಕ್ಕಿದ್ದು 20 ಲಕ್ಷ ಟನ್ನಿಗೂ ಕಡಿಮೆ. ಮತ್ತೆ ಹಿಂದಿನಂತೆ ತುಂಬಿಕೊಳ್ಳಲು 1990ರ ದಶಕವೇ ಬರಬೇಕಾಯಿತು.

ಒಂದು ಕಡೆ ಮರುವರ್ಷವೇ ತಿರುಗಿ ಬಂತು. ಇನ್ನೊಂದು ಕಡೆ ಇಪ್ಪತ್ತು ವರ್ಷ ಹಿಡಿಯಿತು. ಬಿಸಿನೀರು ಮನುಷ್ಯನ ತಪ್ಪಲ್ಲ. ಆದರೆ ತಾಯಿಮೀನು ತೆಳುವಾಗಿ ಉಳಿದಿರುವಾಗ ಕೆಟ್ಟ ವರ್ಷ ಬಂದರೆ ತಡೆದುಕೊಳ್ಳುವ ಶಕ್ತಿ ಎಲ್ಲಿರುತ್ತದೆ? ಬೇಸಗೆಯಲ್ಲಿ ಬಾವಿ ಬತ್ತುವುದು ನಮ್ಮ ಕೈಯಲ್ಲಿಲ್ಲ. ಬತ್ತುವ ಮುಂಚೆ ಪಂಪು ಹಚ್ಚಿ ತಳ ಕಾಣಿಸಿದ್ದು ಮಾತ್ರ ನಮ್ಮ ಕೈಯಲ್ಲಿತ್ತು. ಮುಂದಿನ ಕೆಟ್ಟ ವರ್ಷ ಯಾವ ಬಗೆಯದೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ.

ಉತ್ತರಪತ್ರಿಕೆ ತಿದ್ದುವಾಗ ನಾವು ಶಿಕ್ಷಕಿಯರು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಮಗು ಬರೆದದ್ದು ಸರಿಯೋ ತಪ್ಪೋ ಸ್ಪಷ್ಟವಾಗದಿದ್ದರೆ ಆ ಅರ್ಧ ಅಂಕವನ್ನು ಮಗುವಿಗೇ ಕೊಡುತ್ತೇವೆ. ಏಕೆಂದರೆ ಕೊಟ್ಟರೆ ನಮಗಾಗುವ ನಷ್ಟ ಏನೂ ಇಲ್ಲ, ಕೊಡದಿದ್ದರೆ ಮಗುವಿಗಾಗುವ ನಷ್ಟವನ್ನು ಮುಂದೆ ಯಾರೂ ತುಂಬಿಕೊಡಲಾರರು. ಸಂಶಯದ ಲಾಭ ಬಡವರ ಪಾಲಿಗೆ ಹೋಗಬೇಕು. ಕಡಲಿನ ವಿಷಯದಲ್ಲಿ ನಾವು ಮಾಡುತ್ತಿರುವುದು ತಿರುವುಮುರುವು. ಲೆಕ್ಕ ಖಚಿತವಿಲ್ಲವಲ್ಲ ಎಂಬ ಅರ್ಧ ಅಂಕವನ್ನು ಬಲೆ ದೊಡ್ಡದಿದ್ದವರೇ ತೆಗೆದುಕೊಳ್ಳುತ್ತಿದ್ದಾರೆ. ಅದು ಸಲ್ಲಬೇಕಾದದ್ದು ಮರಿಮೀನಿಗೆ, ಮತ್ತು ಇನ್ನೂ ಹುಟ್ಟದ, ಮೀನು ತಿನ್ನಲಿರುವ ಮಕ್ಕಳಿಗೆ.

ಇದನ್ನು ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ನೀನು ಕೊಡುವ ಅರ್ಧ ಅಂಕಕ್ಕೆ ನಿನ್ನ ಸಂಬಳ ಕಡಿತವಾಗುವುದಿಲ್ಲ. ನಾನು ಕೊಟ್ಟರೆ ಬೋಟಿನ ಸಾಲದ ಕಂತನ್ನು ಯಾರು ಕಟ್ಟುತ್ತಾರೆ? ನಾನು ಬಿಟ್ಟ ಹಿಂಡನ್ನು ಪಕ್ಕದ ಬೋಟಿನವ ಸುತ್ತುತ್ತಾನೆ." ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಬ್ಬನೇ ಒಳ್ಳೆಯವನಾದರೆ ಅವನ ಮನೆ ಬರಿದಾಗುತ್ತದೆಯೇ ಹೊರತು ಕಡಲು ತುಂಬುವುದಿಲ್ಲ ಎನ್ನುವುದು ನಿಜ. ಆದ್ದರಿಂದಲೇ ಈ ಸಂಯಮ ಎಲ್ಲರಿಗೂ ಒಂದೇ ದಿನ ಒಂದೇ ತೆರನಾಗಿ ಬರಬೇಕು. ಅದು ಆಗದ ಮಾತೇನೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳೆಲ್ಲ ದಡ ಸೇರುತ್ತವೆ. ಗೊಣಗುತ್ತಾರೆ, ಆದರೆ ಒಪ್ಪುತ್ತಾರೆ, ಏಕೆಂದರೆ ಪಕ್ಕದ ಬೋಟೂ ನಿಂತಿರುತ್ತದೆ. "ಅದು ಸರಿ" ಎಂದ ಅಣ್ಣ. "ಎಲ್ಲರೂ ನಿಂತರೆ ನಾವೂ ನಿಲ್ಲುತ್ತೇವೆ. ಆದರೆ ಮರಿಯನ್ನು ಕೊಳ್ಳುವ ಫ್ಯಾಕ್ಟರಿಯೂ ನಿಲ್ಲಬೇಕು. ಹಿಡಿದವನಿಗೆ ಮಾತ್ರ ದಂಡ ಹಾಕಿದರೆ ಅದು ನ್ಯಾಯವಲ್ಲ." ಆ ಮಾತಿಗೆ ನಾನೂ ತಲೆದೂಗಿದೆ.

ಇನ್ನು ನಮ್ಮ ಅಡುಗೆಮನೆಯ ಪಾಲು. ನಾನು ಅರ್ಧ ಕಿಲೋ ಬಿಟ್ಟರೆ ಕಡಲಿಗೆ ಒಂದು ಮೀನೂ ತಿರುಗಿ ಹೋಗುವುದಿಲ್ಲ, ಬುಟ್ಟಿಯವಳ ದಿನದ ಸಂಪಾದನೆ ಅಷ್ಟು ಕಡಿಮೆಯಾಗುತ್ತದೆ. ಇದು ಗೊತ್ತಿದ್ದೂ ಈಗ ನಾನು ಮರಿಮೀನು ಕೊಳ್ಳುತ್ತಿಲ್ಲ. ಅದನ್ನು ದೊಡ್ಡ ತ್ಯಾಗವೆಂದು ಹೇಳಿಕೊಳ್ಳುತ್ತಿಲ್ಲ. ಅವಳಿಗೆ ನಷ್ಟವಾಗದಿರಲೆಂದು ಆ ದಿನ ಬುಟ್ಟಿಯಲ್ಲಿ ಬೇರೇನಿದೆಯೋ ಅದನ್ನು, ಎರಡು ಕಾಸು ಹೆಚ್ಚಾದರೂ, ತೆಗೆದುಕೊಳ್ಳುತ್ತೇನೆ. ಸಂಬಳವಿರುವ ನನ್ನಂಥವರಿಗೆ ಅಷ್ಟು ಸಾಧ್ಯ. ಕೂಲಿಯ ಮನೆಯ ಹೆಂಗಸು ಅಗ್ಗವೆಂದು ಆ ಮರಿಯನ್ನೇ ಕೊಂಡರೆ ಅವಳನ್ನು ತಪ್ಪು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಮೊನ್ನೆ ಬುಟ್ಟಿಯವಳು ಮೆಟ್ಟಿಲ ಮೇಲೆ ಕುಳಿತು ಒಂದು ಬೂತಾಯಿಯನ್ನು ಎತ್ತಿ ಹಿಡಿದು, "ಟೀಚರ್, ನಿಮ್ಮ ಪಟ್ಟಿ ತನ್ನಿ, ಇದು ಪಾಸಾ ಫೇಲಾ ನೋಡುವ" ಎಂದಳು. ತಂದು ಅಳೆದೆ. ಪಟ್ಟಿಯ ತುದಿಯನ್ನೂ ಸ್ವಲ್ಪ ದಾಟಿತ್ತು. ಇಬ್ಬರೂ ನಕ್ಕೆವು. ಶುಚಿಮಾಡುವಾಗ ನೋಡಿದರೆ ಹೊಟ್ಟೆ ಬರಿದಾಗಿತ್ತು, ಮೊಟ್ಟೆಯಿರಲಿಲ್ಲ. ಇಟ್ಟು ಮುಗಿಸಿ ಬಂದಿತ್ತೋ, ಇನ್ನೂ ಇಡಬೇಕಿತ್ತೋ, ನನಗೆ ಹೇಳಲು ಬರುವುದಿಲ್ಲ. ಇಟ್ಟಿತ್ತು ಎಂದುಕೊಂಡು ಒಲೆಯ ಮೇಲೆ ಪಾತ್ರೆ ಇಟ್ಟೆ.