ಗಣಕಯುಗದಲ್ಲಿ ನ್ಯಾಸಧರ್ಮ

ತೀರ್ಥಯಾತ್ರೆಗೆ ಹೊರಡುವ ಗೃಹಸ್ಥನು ತನ್ನ ಒಡವೆಯ ಗಂಟನ್ನು ಊರಿನ ನಂಬಿಕಸ್ಥ ಶ್ರೇಷ್ಠಿಯ ಬಳಿ ಇರಿಸಿ ಹೋಗುವುದು ಹಿಂದಿನ ಕಾಲದ ವಾಡಿಕೆ. ಹೀಗೆ ನಂಬಿ ಇಟ್ಟ ವಸ್ತುವಿಗೆ ನ್ಯಾಸವೆಂದು ಹೆಸರು. ಇಂದು ಒಡವೆಯು ಬ್ಯಾಂಕಿನ ಲಾಕರ್ ಸೇರಿದೆ. ಆದರೂ ಮನುಷ್ಯನು ಪರರ ವಶಕ್ಕೆ ಒಪ್ಪಿಸುವ ನ್ಯಾಸ ಕಡಿಮೆಯಾಗಿಲ್ಲ, ಹೆಚ್ಚಿದೆ. ಪತ್ರವ್ಯವಹಾರ, ಅಂಗಡಿಯ ಲೆಕ್ಕ, ಮಗಳ ಮದುವೆಯ ಛಾಯಾಚಿತ್ರ, ವೈದ್ಯರ ವರದಿ ಎಲ್ಲವೂ ಸರ್ವರ್ ಎಂಬ ಯಂತ್ರದಲ್ಲಿ, ಇಟ್ಟವರು ಎಂದೂ ಕಾಣದ ಕೋಣೆಯೊಂದರಲ್ಲಿ ಸೇರಿಕೊಂಡಿವೆ. ಆ ಯಂತ್ರವನ್ನು ಕಾಯುವವನ ಧರ್ಮವೇನು?

ಈ ವ್ಯವಹಾರದ ಬಹುಪಾಲು ಬೃಹತ್ ಕಂಪನಿಗಳ ಕೈಯಲ್ಲಿದೆ. ಆದರೂ ಲಾಭಕ್ಕಿಂತ ನಂಬಿಕೆಯನ್ನು ಮುಂದಿಟ್ಟು ಚಿಕ್ಕ ಪ್ರಮಾಣದಲ್ಲಿ ದುಡಿಯುವವರೂ ಇದ್ದಾರೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಪರಿಸರದಲ್ಲಿ ಜನಸ್ತು ಎಂಬ ಸಂಸ್ಥೆಯು ಹಳ್ಳಿಗರದೇ ಆದ ವೈಫೈ ಜಾಲವನ್ನು ರೂಪಿಸಿ, ಅವರ ದನಿಯಲ್ಲಿನ ಕಥನಗಳನ್ನು ಅಲ್ಲಿಯದೇ ಕಿರು ಸರ್ವರ್‌ಗಳಲ್ಲಿ ಇರಿಸುವ ಪ್ರಯೋಗ ನಡೆಸಿದೆ. ಇಂಥದೊಂದು ಸಣ್ಣ ಸೇವೆಯನ್ನು ಉದಕಮಂಡಲದಲ್ಲಿ ಇಬ್ಬರು ಮೂವರು ಸೇರಿ ಆರಂಭಿಸಿದರೆಂದು ಕಲ್ಪಿಸಿಕೊಳ್ಳಬಹುದು. ಗೂಡಲೂರಿನ ಸಣ್ಣ ಚಹಾ ಬೆಳೆಗಾರರ ಹಸಿರೆಲೆಯ ಲೆಕ್ಕ, ಮಸಿನಗುಡಿಯ ವಸತಿಗೃಹದ ಅತಿಥಿಗಳ ಗುರುತುಪತ್ರಗಳ ಪ್ರತಿ, ಪೇಟೆಯ ವರ್ತಕರ ಪತ್ರಗಳು ಅಲ್ಲಿ ಸೇರುತ್ತವೆ. ಯಾರ ಪತ್ರವನ್ನೂ ಓದುವುದಿಲ್ಲ, ಯಾರ ಮಾಹಿತಿಯನ್ನೂ ಮಾರುವುದಿಲ್ಲ ಎಂಬುದು ಅವರ ಸಂಕಲ್ಪ. ಸಂಕಲ್ಪ ಉದಾತ್ತವೇ ಸರಿ. ಆದರೆ ಕದಿಯಲಿಲ್ಲವೆಂಬಷ್ಟರಿಂದಲೇ ಕಾಯುವವನ ಧರ್ಮ ಪೂರ್ಣವಾಗುವುದೇ?

ದಿಗಂಬರ, ಶ್ವೇತಾಂಬರ ಉಭಯ ಸಂಪ್ರದಾಯಗಳಿಗೂ ಮಾನ್ಯವಾದ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನೀಡಿದ ವಿವರಣೆ ಅತ್ಯಂತ ಸೂಕ್ಷ್ಮವಾದುದು. ನ್ಯಾಸವಿಟ್ಟವನು ತಾನಿಟ್ಟ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಕಾಯುವವನು ಹೌದೆಂದು ಒಪ್ಪಿ ಅಷ್ಟನ್ನೇ ಕೊಡುವುದು ನ್ಯಾಸಾಪಹಾರ. ಇಲ್ಲಿ ಯಾರೂ ಗಂಟಿಗೆ ಕೈ ಹಾಕಲಿಲ್ಲ. ಇನ್ನೊಬ್ಬನ ಮರೆವಿಗೆ ಒಂದು ‘ಹೌದು’ ಸೇರಿತು, ಅಷ್ಟೆ. ಇದು ಅಚೌರ್ಯದ ಬದಲು ಸತ್ಯದ ಅಡಿಯಲ್ಲಿ ಬಂದಿರುವುದು ಸಹಜವೇ ಆಗಿದೆ.

ಸರ್ವರ್ ಕಾಯುವವನ ನಿಜವಾದ ಪರೀಕ್ಷೆಯೂ ಇಲ್ಲಿಯೇ ಇದೆ, ಏಕೆಂದರೆ ಅವನ ಗ್ರಾಹಕರು ಮರೆಯುತ್ತಲೇ ಇರುತ್ತಾರೆ. ಬೆಳೆಗಾರನೊಬ್ಬ ಹಳೆಯ ಲೆಕ್ಕವನ್ನು ಅಳಿಸಿದೆನೆಂದು ತಿಳಿಯುತ್ತಾನೆ. ಅದರ ನಕಲು ಸಂಗ್ರಹದಲ್ಲಿ ಹಾಗೆಯೇ ಉಳಿದಿರುತ್ತದೆ. ವಸತಿಗೃಹ ಮುಚ್ಚಿ ವರ್ಷವಾದರೂ ಮಾಲೀಕನ ಖಾತೆಯಿಂದ ತಿಂಗಳ ಬಾಡಿಗೆ ತಾನಾಗಿಯೇ ಕಡಿತವಾಗುತ್ತಿರುತ್ತದೆ. ಸೇವೆ ಬಿಡುವವನು ಚಿತ್ರಗಳನ್ನು ಮಾತ್ರ ಕೇಳುತ್ತಾನೆ. ತನ್ನ ತಂದೆಯ ಪತ್ರಗಳೂ ಅಲ್ಲಿಯೇ ಇವೆಯೆಂಬುದು ಅವನಿಗೆ ನೆನಪಿಲ್ಲ. ಸುಮ್ಮನಿದ್ದರೆ ಕಾನೂನು ಕೇಳದಿರಬಹುದು, ಆದಾಯವೂ ನಿಲ್ಲದು. ನೆನಪಿಸಿದರೆ ಗ್ರಾಹಕನನ್ನು ಕಳೆದುಕೊಳ್ಳಬೇಕಾದೀತು. ಚಿಕ್ಕ ಸೇವೆಗೆ ಇದು ಸಣ್ಣ ನಷ್ಟವಲ್ಲ. ಆದರೂ ಮೌನದಿಂದ ಬಂದ ಹಣ ಆ ‘ಹೌದು’ ಎಂಬ ಮಾತಿನಿಂದ ಬಂದ ಹಣವೇ.

ಅದೇ ಸೂತ್ರವು ಸಾಕಾರಮಂತ್ರಭೇದವನ್ನೂ ಹೆಸರಿಸುತ್ತದೆ. ಹುಬ್ಬಿನ ಚಲನೆಯಂಥ ಬಾಹ್ಯ ಚಿಹ್ನೆಗಳಿಂದ ಪರರ ಆಶಯವನ್ನು ಅರಿತು ಬಯಲು ಮಾಡುವುದೇ ಅದು. ಸರ್ವರ್ ಕಾಯುವವನು ಪತ್ರವನ್ನು ತೆರೆಯಬೇಕೆಂದಿಲ್ಲ. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಬಾರಿ ಬರೆದರೆಂದು ಯಂತ್ರದ ದಾಖಲೆಯೇ ತಿಳಿಸುತ್ತದೆ. ವೈದ್ಯರಿಗೆ ನಡುರಾತ್ರಿ ಹೋದ ಮೂರು ಸಂದೇಶಗಳು ಮನೆಯೊಂದರ ಸಂಕಟವನ್ನು ಓದದೆಯೇ ಹೇಳಬಲ್ಲವು. ಆದುದರಿಂದ ಅಂಥ ದಾಖಲೆಯನ್ನು ಅಗತ್ಯಕ್ಕಿಂತ ಹೆಚ್ಚು ಕೂಡಿಡದಿರುವುದೂ ಅಪರಿಗ್ರಹವೇ.

ಆದರೆ ಕಾಯುವವನು ಎಲ್ಲವನ್ನೂ ಅಳಿಸಲಾರ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಯಂತ್ರದ ದಾಖಲೆಗಳನ್ನು 180 ದಿನ ಇರಿಸಬೇಕು. ಬಾಡಿಗೆ ಸರ್ವರ್ ನೀಡುವವರು ಗ್ರಾಹಕರ ವಿವರಗಳನ್ನು ಅವರು ಸೇವೆ ತೊರೆದ ಬಳಿಕವೂ 5 ವರ್ಷ ಕಾಪಾಡಬೇಕು. ಉದ್ದೇಶ ಮುಗಿದ ವೈಯಕ್ತಿಕ ಮಾಹಿತಿಯನ್ನು, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ಅಳಿಸಬೇಕೆಂಬುದು 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯ. ಇವೆರಡರ ನಡುವೆ ನಿಂತ ಪ್ರಾಮಾಣಿಕನಿಗೆ ಉಳಿಯುವ ಮಾರ್ಗ ಒಂದೇ. ಏನನ್ನು, ಎಷ್ಟು ಕಾಲ, ಏಕೆ ಇಡಲಾಗುವುದೆಂದು ನ್ಯಾಸ ಸ್ವೀಕರಿಸುವ ಮೊದಲೇ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಗುಡಿಗಳಲ್ಲಿ ತಮಿಳು, ಕನ್ನಡ, ಗುಜರಾತಿ, ಮಾರವಾಡಿ ಒಟ್ಟಿಗೆ ಕೇಳಿಬರುವ ಸಮಾಜದಲ್ಲಿ ಇದರ ಅರ್ಥವನ್ನು ವಿವರಿಸಬೇಕಿಲ್ಲ.

ತನ್ನ ಶಕ್ತಿಯ ಬಗೆಗೂ ಸತ್ಯ ನುಡಿಯಬೇಕು. 2019ರ ಆಗಸ್ಟ್‌ನಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಒಂದೇ ದಿನ 900 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಮಣ್ಣು ಕುಸಿದು ವಿದ್ಯುತ್ ಕಡಿಯುವ ಬೆಟ್ಟದಲ್ಲಿ ಕುಳಿತು, ಸೇವೆ ಎಂದೂ ನಿಲ್ಲದೆಂದು ಭರವಸೆ ಕೊಡುವುದು ಅನೃತ. ನಿಲ್ಲಬಹುದು, ಆದರೆ ಇನ್ನೊಂದು ಪ್ರತಿಯು ಬಯಲು ಸೀಮೆಯಲ್ಲಿ ಕ್ಷೇಮವಾಗಿದೆಯೆಂದು ಹೇಳಿ, ಹಾಗೆಯೇ ಇರಿಸುವುದು ಸತ್ಯ.

ಕೊನೆಯ ಪರೀಕ್ಷೆ ಮುಚ್ಚುವ ದಿನದ್ದು. ಅಮೆರಿಕದ ಲಾವಾಬಿಟ್ ಎಂಬ ಇಮೇಲ್ ಸೇವೆಗೆ 4 ಲಕ್ಷಕ್ಕೂ ಅಧಿಕ ಬಳಕೆದಾರರಿದ್ದರು. ಒಬ್ಬನ ಮೇಲಿನ ತನಿಖೆಗಾಗಿ, ಎಲ್ಲರ ಗೌಪ್ಯವನ್ನೂ ಬಯಲಿಗಿಡಬಲ್ಲ ಕೀಲಿಯನ್ನು ಸರಕಾರ ಕೇಳಿತು. ಅದನ್ನು ಒಪ್ಪಿಸದೆ ಗತಿಯಿಲ್ಲವೆಂದಾದಾಗ, ನಡೆಸುತ್ತಿದ್ದ ಲಾಡಾರ್ ಲೆವಿಸನ್ 2013ರ ಆಗಸ್ಟ್ 8ರಂದು ಸೇವೆಯನ್ನೇ ನಿಲ್ಲಿಸಿದರು. ತಮ್ಮ ಜೀವನೋಪಾಯವನ್ನು ಅವರು ತ್ಯಜಿಸಿದರು. ಆದರೆ ಬಳಕೆದಾರರ ಪತ್ರಗಳೂ ಒಳಗೇ ಸಿಲುಕಿದವು. ಅವನ್ನು ಮರಳಿ ಪಡೆಯಲು ಅಕ್ಟೋಬರಿನಲ್ಲಿ ಅಲ್ಪಕಾಲ ಬಾಗಿಲು ತೆರೆಯಬೇಕಾಯಿತು. ತ್ಯಾಗವೂ ನ್ಯಾಸವಿಟ್ಟವರಿಗೆ ನಷ್ಟ ತರಬಹುದೆಂಬುದಕ್ಕೆ ಇದು ನಿದರ್ಶನ. ಮರಳಿಸುವ ದಾರಿಯನ್ನು ಮೊದಲ ದಿನವೇ ಸಿದ್ಧಪಡಿಸಿಕೊಂಡವನು ಮಾತ್ರ ಕಡೆಯ ದಿನ ನಿರ್ಭಯನಾಗಿರಬಲ್ಲ.

ಪರಿಗ್ರಹಪರಿಮಾಣವ್ರತವು ಸಂಪತ್ತಿಗೆ ಎಲ್ಲೆ ಹಾಕಿಕೊಳ್ಳಲು ಕಲಿಸುತ್ತದೆ. ಪರರ ನ್ಯಾಸಕ್ಕೂ ಅಂಥ ಎಲ್ಲೆ ಬೇಕು. ಹೆಸರು ಹಿಡಿದು ಕರೆದು, ‘ನಿಮ್ಮದು ಇನ್ನೂ ಇಷ್ಟು ಇಲ್ಲಿದೆ’ ಎಂದು ನೆನಪಿಸಲು ಸಾಧ್ಯವಾಗುವಷ್ಟು ಜನರ ಗಂಟನ್ನು ಮಾತ್ರ ಕಾಯುವವನು ಚಿಕ್ಕವನಾಗಿಯೇ ಉಳಿಯಬಹುದು. ಆದರೆ ಮರೆತವನು ಮರಳಿ ಬಂದಾಗ ಅವನು ತಲೆತಗ್ಗಿಸಬೇಕಾಗಿಲ್ಲ.