ಖಾಲಿ ತಾಟು

ನಮ್ಮ ಗದಗ-ಬೆಟಗೇರಿಯ ಓಣಿಗಳಲ್ಲಿ ಒಂದು ಪದ್ಧತಿಯಿದೆ. ನಿಮ್ಮೂರಿನಲ್ಲೂ ಇದ್ದೀತು. ಹಬ್ಬದ ದಿನ ನೆರೆಮನೆಯಿಂದ ತಾಟಿನಲ್ಲಿ ಏನಾದರೂ ಬಂದರೆ ಆ ತಾಟನ್ನು ತೊಳೆದು ಬರಿದೇ ಮರಳಿ ಕೊಡುವಂತಿಲ್ಲ. ಒಂದು ಹಿಡಿ ಸಕ್ಕರೆಯನ್ನೋ, ನಾಲ್ಕು ಶೇಂಗಾವನ್ನೋ, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನೋ ಹಾಕಿಯೇ ಕೊಡಬೇಕು. ಚಿಕ್ಕವಳಿದ್ದಾಗ ತಾಟು ಹೊತ್ತು ತಿರುಗುವ ಕೆಲಸ ನನ್ನದೇ ಆಗಿತ್ತು. ಮರಳಿ ಬರುವ ದಾರಿಯಲ್ಲಿ ಅರ್ಧ ಸಕ್ಕರೆ ನನ್ನ ಬಾಯಿಗೇ ಹೋಗುತ್ತಿದ್ದುದರಿಂದ ಈ ಪದ್ಧತಿಯ ಬಗ್ಗೆ ನನಗೆ ಆಗ ಯಾವ ತಕರಾರೂ ಇರಲಿಲ್ಲ.

ನಮ್ಮದು ಕ್ರೈಸ್ತ ಮನೆತನ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ನಮ್ಮ ಬೆಟಗೇರಿಗೆ ಕಾಲಿಟ್ಟರು. ಅವರು ಕಟ್ಟಿದ ಸಭೆಯವರು ನಾವು. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅವ್ವ ಮೂರು ದಿನ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಕರ್ಚಿಕಾಯಿ, ಚಕ್ಕಲಿ, ರವೆ ಉಂಡಿ. ಓಣಿಯಲ್ಲಿ ಲಿಂಗಾಯತರಿದ್ದರು, ನೇಕಾರರಿದ್ದರು, ಮುಸಲ್ಮಾನರಿದ್ದರು. ನಮ್ಮ ಮನೆಯಲ್ಲಿ ಬೇಯಿಸಿದ್ದು ಕೆಲವರಿಗೆ ನಡೆಯುತ್ತಿರಲಿಲ್ಲ; ಅವರಿಗೆ ಬಾಳೆಹಣ್ಣು. ಅವ್ವ ಅದನ್ನು ಮನಸ್ಸಿಗೆ ಹಚ್ಚಿಕೊಂಡದ್ದನ್ನು ನಾನು ಕಾಣೆ. ಪಂಚಮಿಗೆ ಅವರ ಮನೆಯಿಂದ ಉಂಡಿ, ರಂಜಾನಿಗೆ ಮೂಲೆಮನೆಯಿಂದ ಸುರಕುಂಬಾ ಬರುತ್ತಿತ್ತು. ಲೆಕ್ಕ ಸರಿಯಾಗಿ ನಡೆದಿತ್ತು.

ಎದುರು ಮನೆಯಲ್ಲಿ ಕಂಡಿಕೆ ಸುತ್ತಿ ಬದುಕುತ್ತಿದ್ದ ಒಬ್ಬ ವಿಧವೆ ಇದ್ದರು. ನಾವು ಮಕ್ಕಳೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಒಂದು ವರ್ಷ ಅವರು ನಾನು ಒಯ್ದ ತಾಟನ್ನು ಮುಟ್ಟಲಿಲ್ಲ. "ಬ್ಯಾಡವಾ, ನನಗ ಹಲ್ಲು ನೋಯಾಕ ಹತ್ಯಾವು. ನಿಮ್ಮವ್ವಗ ಹೇಳು" ಎಂದರು. ನಾನು ಬಂದು ಹಲ್ಲುನೋವಿನ ಸುದ್ದಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಲ್ಲಲ್ಲವಾ, ತಾಟು ನೋಯಾಕ ಹತ್ತೈತಿ" ಎಂದಳು. ನನಗೆ ಅರ್ಥವಾಗಲಿಲ್ಲ. ಮರಳಿ ಹಾಕಿ ಕೊಡಲು ಆ ಮನೆಯಲ್ಲಿ ಬೆಲ್ಲದ ಚೂರೂ ಇರಲಿಲ್ಲವೆಂಬುದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಮರುದಿನ ಅವ್ವ ತಾಟು ತೆಗೆದುಕೊಂಡು ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ಎದುರು ಮನೆಯ ಬಾಗಿಲಲ್ಲಿ ನಿಂತು, "ಯಕ್ಕಾ, ಒಗ್ಗರಣಿಗೆ ನಾಕು ಎಸಳು ಕರಿಬೇವು ಕೊಡ್ರಿ, ನಿಮ್ಮ ಗಿಡದ ವಾಸನಿ ನಮ್ಮದಕ್ಕಿಲ್ಲ" ಎಂದು ಕೇಳಿದಳು. ನಮ್ಮ ಹಿತ್ತಲಲ್ಲೂ ಕರಿಬೇವಿನ ಗಿಡವಿತ್ತು, ಆಳೆತ್ತರದ್ದು. ಒಂದು ವರ್ಷ ನಮ್ಮ ಮನೆಯ ಸಾರಿಗೆ ಎದುರು ಮನೆಯ ಕರಿಬೇವೇ ಬಿತ್ತು. ಮುಂದಿನ ಕ್ರಿಸ್‌ಮಸ್ಸಿಗೆ ದೊಡ್ಡವ್ವ ತಾಟು ತೆಗೆದುಕೊಂಡರು. ಮರಳಿ ಬಂದ ತಾಟಿನ ತುಂಬ ಕರಿಬೇವು. ನನಗೆ ಮಾತ್ರ ದಾರಿಯಲ್ಲಿ ತಿನ್ನಲು ಏನೂ ಸಿಗಲಿಲ್ಲ.

ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸಿನ ಪ್ರಸಂಗ ಬರುತ್ತದೆ. ಯೇಸುಸ್ವಾಮಿ ನಡೆದು ದಣಿದು ಮಧ್ಯಾಹ್ನದ ಹೊತ್ತಿನಲ್ಲಿ ಬಾವಿಯ ಬಳಿ ಕೂತಿದ್ದಾರೆ. ನೀರಿಗೆ ಬಂದವಳು ಯೆಹೂದ್ಯರು ಬಳಕೆ ಇಟ್ಟುಕೊಳ್ಳದ ಜನಾಂಗದವಳು. ಆಕೆಗೆ ಕೊಡಲು ಅವರ ಬಳಿ ಏನೇನೋ ಇದೆ. ಆದರೆ ಅವರು ಮೊದಲು ಮಾಡಿದ್ದು ಆಕೆಯಿಂದ ನೀರು ಕೇಳಿದ್ದು. ಭಾನುವಾರದ ಶಾಲೆಯಲ್ಲಿ ಈ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅವರು ಕೊಟ್ಟದ್ದರ ಬಗ್ಗೆಯೇ ಹೇಳಿದೆನೇ ಹೊರತು ಕೇಳಿದ್ದರ ಬಗ್ಗೆ ಹೇಳಲಿಲ್ಲ. ನಮ್ಮವ್ವ ಓದಿದ್ದು ನಾಲ್ಕನೆಯ ಇಯತ್ತೆ. ಆಕೆಗೆ ಅದು ಹೊಳೆದಿತ್ತು.

ನನಗೆ ಹೊಳೆಯಲು ಒಂದು ಹುಡುಗಿಯ ಕಣ್ಣೀರು ಬೇಕಾಯಿತು. ಬರೆಯಲು ನಾಚಿಕೆಯಾಗುವ ಸಂಗತಿ, ಆದರೂ ಬರೆಯುತ್ತೇನೆ.

1998ರ ಮಾತು. ಬಿ.ಎ., ಬಿ.ಇಡಿ. ಮುಗಿಸಿ ಹೈಸ್ಕೂಲಿಗೆ ಸೇರಿ ಮೂರು ವರ್ಷವಾಗಿತ್ತು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ. ತಂದೆ ಮಗ್ಗದ ಕೂಲಿ, ಅದೂ ವಾರದಲ್ಲಿ ಮೂರು ದಿನ. ಪರೀಕ್ಷೆಯ ಫೀ ಕಟ್ಟುವ ಕೊನೆಯ ದಿನ ಅವಳು ಬಾಗಿಲ ಹಿಂದೆ ನಿಂತಿದ್ದಳು. ನಾನೇ ಕಟ್ಟಿದೆ. ಆ ರಾತ್ರಿ ಪ್ರಾರ್ಥನೆ ಮಾಡುವಾಗ ನನಗೆ ನನ್ನ ಮೇಲೆ ಬಹಳ ಪ್ರೀತಿ ಬಂದಿತ್ತು. ಅದು ಚೆನ್ನಾಗಿ ನೆನಪಿದೆ.

ತಿಂಗಳ ಮೇಲೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಇತಿಹಾಸದಲ್ಲಿ ಹನ್ನೆರಡು ಅಂಕ ತೆಗೆದಳು. ಉತ್ತರಪತ್ರಿಕೆ ಹಂಚುವಾಗ ಸಿಟ್ಟು ನೆತ್ತಿಗೇರಿತು. "ಇದಕ್ಕೇನು ನಾನು ನಿನ್ನ ಫೀ ಕಟ್ಟಿದ್ದು?" ಎಂದುಬಿಟ್ಟೆ. ನಲವತ್ತು ಹುಡುಗಿಯರು ತಿರುಗಿ ಅವಳನ್ನು ನೋಡಿದರು. ಅವಳು ಕೂತಲ್ಲೇ ತಲೆ ತಗ್ಗಿಸಿದಳು. ಉತ್ತರಪತ್ರಿಕೆಯ ಮೇಲೆ ಹನಿ ಬಿದ್ದು ಶಾಯಿ ಹರಡಿದ್ದು ನನಗೆ ಕಾಣುತ್ತಿತ್ತು. ನಾನು ಮುಂದಿನ ಹೆಸರು ಕೂಗಿದೆ.

ಮೂರನೆಯ ದಿನ ಅವಳ ತಾಯಿ ಬಂದರು. ನಮ್ಮ ಕಡೆ ಶಿಕ್ಷಕಿಗೆ ಅಕ್ಕಾರ ಎನ್ನುತ್ತಾರೆ. "ಅಕ್ಕಾರ, ಎಣಿಸಿಕೊಳ್ರಿ" ಎಂದು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟರು. ಹತ್ತರ, ಐದರ ನೋಟುಗಳು, ಉಳಿದದ್ದು ಚಿಲ್ಲರೆ. ನಾನು ಬೇಡವೆಂದೆ, ಅದು ಸಾಲವಲ್ಲವೆಂದೆ, ಸಿಟ್ಟಿನಲ್ಲಿ ಬಂದ ಮಾತೆಂದೆ. ಆಕೆ ಒಂದೂ ಬಿರುಸು ಮಾತಾಡಲಿಲ್ಲ. "ನೀವು ತಗೊಳ್ಳಲಿಲ್ಲಂದ್ರ ಆಕಿ ಸಾಲಿಗೆ ಬರೂದಿಲ್ಲ ಅಂತಾಳ್ರಿ. ತಗೋರಿ" ಎಂದಷ್ಟೇ ಅಂದರು. ಎಣಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ನಾನು ಎಣಿಸುವ ತನಕ ಆಕೆ ನಿಂತೇ ಇದ್ದರು. ಸರಿಯಾಗಿತ್ತು.

ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಯೇಸುವಿನ ಬೋಧನೆಯನ್ನು ಅಲ್ಲಿಯ ತನಕ ನಾನು ವಿನಯದ ಪಾಠವೆಂದು ತಿಳಿದಿದ್ದೆ: ಜಂಬ ಪಡಬಾರದು, ಅಷ್ಟೇ. ಅಂದಿನಿಂದ ಬೇರೆ ತೋರುತ್ತದೆ. ಆ ಮಾತು ಕೊಡುವವಳ ಆತ್ಮರಕ್ಷಣೆಗಿಂತ ಹೆಚ್ಚಾಗಿ ಪಡೆಯುವವಳ ಮಾನರಕ್ಷಣೆಗಾಗಿ ಇದೆ. ಕೊಟ್ಟವಳು ಬಾಯಿ ತೆರೆದ ಗಳಿಗೆಯಲ್ಲಿ ಕೊಟ್ಟದ್ದು ಸಾಲವಾಗುತ್ತದೆ, ಪಡೆದವಳು ಸಾಲಗಾರಳಾಗುತ್ತಾಳೆ. ಆ ತಾಯಿ ಮಾಡಿದ್ದು ನ್ಯಾಯವಾಗಿತ್ತು. ಸಾಲವನ್ನು ತೀರಿಸಿದರು.

ಆ ಹಣವನ್ನು ಒಂದು ವರ್ಷ ಕಪಾಟಿನಲ್ಲಿಟ್ಟಿದ್ದೆ. ಮುಂದಿನ ವರ್ಷ ಇನ್ನೊಬ್ಬ ಹುಡುಗಿಗಾಗಿ ಗುಮಾಸ್ತರ ಕೈಯಲ್ಲಿ ಕೊಟ್ಟು, ಯಾರದೆಂದು ಹೇಳಬೇಡಿರೆಂದೆ. (ಇದನ್ನು ಇಲ್ಲಿ ಬರೆದು ಎಡಗೈಗೆ ತಿಳಿಸಿಬಿಟ್ಟೆನಲ್ಲ! ಗುಮಾಸ್ತರು ನನಗಿಂತ ಗಟ್ಟಿಗರು, ಕೊನೆಯ ತನಕ ಹೇಳಲಿಲ್ಲ.) ಮೊದಲಿನ ಹುಡುಗಿ ಪಾಸಾದಳು. ಒಮ್ಮೆ ಬಸ್ ನಿಲ್ದಾಣದಲ್ಲಿ ಕಂಕುಳಲ್ಲಿ ಮಗುವನ್ನು ಹೊತ್ತು ಸಿಕ್ಕಿದ್ದಳು. ನಮಸ್ಕಾರ ಮಾಡಿದಳು, ನನ್ನ ಆರೋಗ್ಯ ವಿಚಾರಿಸಿದಳು. ಆ ವಿಷಯ ನಾನೂ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಕ್ಷಮಿಸಿದ್ದಾಳೆಯೆ ಎಂದು ತಿಳಿಯುವ ಹಕ್ಕು ನನಗಿಲ್ಲ.

ಋಣ ಎಂಬುದು ನಮ್ಮ ನಾಡಿನ ದೊಡ್ಡ ಮಾತು. ಅನ್ನದ ಋಣ, ನೀರಿನ ಋಣ, ಋಣಾನುಬಂಧ. ನಮ್ಮ ಸಭೆಯಲ್ಲಿ ಹೆಚ್ಚಾಗಿ ಕೇಳುವ ಮಾತು ಕೃಪೆ. ಋಣವನ್ನು ತೀರಿಸಬೇಕು, ಕೃಪೆಯನ್ನು ತೀರಿಸಲು ಬರುವುದಿಲ್ಲ, ಯೋಗ್ಯತೆ ನೋಡದೆ ಬಂದದ್ದು ಅದು. ಹಾಗಾದರೆ ಕೃಪೆ ಪಡೆದವಳು ಸುಮ್ಮನೆ ಕೂರಬಹುದೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗದಲ್ಲಿ ನನಗೆ ಉತ್ತರದ ದಾರಿ ಕಂಡಿತು. ಪೇತ್ರ ಕಾಲು ಹಿಂದಕ್ಕೆಳೆದುಕೊಳ್ಳುತ್ತಾನೆ. ನಮ್ಮ ಹಾಗೆಯೇ ಮನುಷ್ಯ, ಪಡೆಯುವುದು ಕಷ್ಟ. ತೊಳೆದು ಮುಗಿದ ಮೇಲೆ ಗುರು, ಈಗ ನೀವು ನನ್ನ ಕಾಲು ತೊಳೆಯಿರಿ ಎನ್ನುವುದಿಲ್ಲ. ಒಬ್ಬರ ಕಾಲನ್ನೊಬ್ಬರು ತೊಳೆಯಬೇಕು ಎನ್ನುತ್ತಾರೆ. ತಾಟು ಬಂದ ಮನೆಗೆ ಮರಳುವುದಿಲ್ಲ, ಮುಂದಿನ ಮನೆಗೆ ಹೋಗುತ್ತದೆ. ಕಥೋಲಿಕ ಗೆಳತಿಯೊಬ್ಬಳು ಪವಿತ್ರ ಗುರುವಾರ ಅವರ ಚರ್ಚಿನಲ್ಲಿ ಹನ್ನೆರಡು ಜನರ ಕಾಲು ತೊಳೆಯುವ ವಿಧಿಯ ಬಗ್ಗೆ ಹೇಳುತ್ತಿದ್ದಳು. ಅದರಲ್ಲಿ ಹೆಂಗಸರನ್ನೂ ಕೂರಿಸಬಹುದೆಂದು ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ್ದು 2016ರಲ್ಲಿ. ದಿನವೂ ಮನೆಮಂದಿಯ ಕಾಲು ತೊಳೆದವರಿಗೆ ತಮ್ಮ ಕಾಲು ಚಾಚಲು ಅಷ್ಟು ವರ್ಷ ಬೇಕಾಯಿತು!

ಇಲ್ಲಿ ಒಂದು ಅಹಿತಕರ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. ಶಿಕ್ಷಕರ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬರು ನಗುತ್ತಲೇ ಕೇಳಿದ್ದರು: "ನಿಮ್ಮವರು ಒಳ್ಳೇದು ಮಾಡೂದರ ಹಿಂದ ಜಾತಿಗೆ ಸೇರಿಸೂ ಲೆಕ್ಕ ಇರ್ತೈತಲ್ಲರೀ?" ನನಗೆ ನೋವಾಯಿತು, ಆದರೆ ಕೇಳಿದ್ದು ತಪ್ಪೆನ್ನಲಾರೆ. ಬಾಸೆಲ್ ಮಿಶನ್ನಿನವರು ಸುವಾರ್ತೆ ಸಾರಲೆಂದೇ ಬಂದರು, ಅದನ್ನು ಮುಚ್ಚಿಡಲಿಲ್ಲ. ಮೊಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳು ಇಲ್ಲಿಂದ ಹೊರಡಬೇಕಾಯಿತು. ಅವರ ತಾಟನ್ನು ತುಂಬಿ ಮರಳಿಸಿದವರು ಯಾರೂ ಇಲ್ಲ. ನಿಘಂಟು ಇಂದಿಗೂ ತೆರೆದವರ ಮತ ಕೇಳುವುದಿಲ್ಲ. ನಮ್ಮೂರಿನ ಮಂದಿ ಜ್ವರ ಬಂದರೆ ಈಗಲೂ 'ಜರ್ಮನ್ ದವಾಖಾನಿ' ಎನ್ನುತ್ತಾರೆ.

ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ನಂಬಿಕೆಯನ್ನು ನಾನು ಅಡಗಿಸಿಟ್ಟವಳಲ್ಲ, ಕೇಳಿದವರಿಗೆ ಹೇಳುತ್ತೇನೆ. ಆದರೆ ಮಲಗಿದವಳ ಮುಂದೆ ಗಂಜಿಯ ಜೊತೆಗೆ ಅದನ್ನೂ ಬಡಿಸಿದರೆ ಆಕೆ ಗಂಜಿ ಬೇಕೆಂದರೂ ಬೇಡವೆನ್ನಬೇಕಾಗುತ್ತದೆ. ಆಗ ನಾನು ಫೀಯ ಮಾತನ್ನು ಎರಡನೆಯ ಸಲ ಆಡಿದ ಹಾಗೆ. ಇನ್ನು, ಪ್ರೀತಿ ನಮ್ಮ ಸಭೆಯ ಸೊತ್ತೆಂದು ಹೇಳಲು ಬಾಯಿ ಬಾರದು. ದಾರಿಯಲ್ಲಿ ಗಾಯಗೊಂಡು ಬಿದ್ದವನ ಸಾಮತಿಯಲ್ಲಿ ಯಾಜಕನೂ ಲೇವಿಯನೂ ದಾಟಿಹೋಗುತ್ತಾರೆ, ನಿಂತವನು ಹೊರಗಿನವನಾದ ಸಮಾರ್ಯದವನು. ಹಾಗೆ ಆರಿಸಿ ಹೇಳಿದವರು ನಮ್ಮ ಸ್ವಾಮಿಯೇ.

ಆ ಸಮಾರ್ಯದವನು ನನ್ನ ಮನೆಗೂ ಬಂದ, ಹೆಂಗಸಿನ ರೂಪದಲ್ಲಿ. 2021ರ ಮೇ ತಿಂಗಳು, ಕೊರೋನಾದ ಎರಡನೆಯ ಅಲೆ. ನಾನೂ ಯಜಮಾನರೂ ಒಟ್ಟಿಗೇ ಹಾಸಿಗೆ ಹಿಡಿದೆವು. ಮಗ ಬೆಂಗಳೂರಿನಲ್ಲಿ, ಲಾಕ್‌ಡೌನ್, ಬರುವಂತಿರಲಿಲ್ಲ. ಸಭೆಯವರು ಫೋನಿನಲ್ಲಿ ಪ್ರಾರ್ಥಿಸಿದರು; ಅವರ ಮನೆಗಳಲ್ಲೂ ಜ್ವರವೇ. ಮೂರು ಮನೆ ಆಚೆಗಿನ ಗೃಹಿಣಿ, ಮನೆಯ ಗೋಡೆಯ ಮೇಲೆ ಸಿದ್ಧಾರೂಢರ ಪಟವಿಟ್ಟು ದಿನವೂ ಊದುಬತ್ತಿ ಬೆಳಗುವವರು, ಬೆಳಿಗ್ಗೆ ಒಂದು ಸ್ಟೀಲಿನ ಡಬ್ಬಿಯನ್ನು ನಮ್ಮ ಕಾಂಪೌಂಡಿನ ಗೋಡೆಯ ಮೇಲಿಟ್ಟು ಗೇಟಿನ ಚಿಲಕ ಬಡಿದು ಹೋಗುತ್ತಿದ್ದರು. ಒಮ್ಮೆ ಗಂಜಿ, ಒಮ್ಮೆ ಮೆತ್ತನೆಯ ರೊಟ್ಟಿ, ಬೇಳೆಯ ಕಟ್ಟು. ಹದಿನೇಳು ದಿನ. ಎಣಿಸಿದ್ದೇನೆ ನೋಡಿ, ಎಣಿಸುವ ಚಟ ಹೋಗುವಂಥದಲ್ಲ. ರುಚಿ ಗೊತ್ತಾಗುತ್ತಿರಲಿಲ್ಲ, ಬಿಸಿ ಮಾತ್ರ ಗೊತ್ತಾಗುತ್ತಿತ್ತು.

ಗುಣವಾದ ಮೇಲೆ ನಾನೊಂದು ಇಳಕಲ್ ಸೀರೆ ತಂದು ಅವರ ಮನೆಗೆ ಹೋದೆ. ಅವರು ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. "ಏನ್ರಿ ಅಕ್ಕಾರ, ರೊಟ್ಟಿ ಬಿಲ್ಲು ಕಟ್ಟಾಕ ಬಂದೀರೇನು?" ಎಂದರು. ನಗುತ್ತ ಹೇಳಿದರೂ ಮುಖ ಸಣ್ಣದಾಗಿತ್ತು. ನನಗೆ ಸಟ್ಟನೆ 1998ರ ಆ ತಾಯಿಯ ಸೆರಗಿನ ಗಂಟು ಕಣ್ಣೆದುರು ಬಂತು. ಆಕೆ ಹಣ ತಂದದ್ದು ಸರಿ, ನಾನು ಸೀರೆ ತಂದದ್ದು ತಪ್ಪು ಹೇಗಾಯಿತು? ಚಹಾ ಆರುವ ತನಕ ಅದನ್ನೇ ಯೋಚಿಸಿದೆ. ನಾನು ಕೊಟ್ಟದ್ದನ್ನು ನನ್ನ ನಾಲಿಗೆ ಸಾಲ ಮಾಡಿತ್ತು. ಇವರು ಕೊಟ್ಟದ್ದು ಸಾಲವಾಗಿರಲಿಲ್ಲ; ತೀರಿಸಲು ಹೋಗಿ ನಾನೇ ಅದನ್ನು ಸಾಲ ಮಾಡುತ್ತಿದ್ದೆ. ಸೀರೆಯನ್ನು ಮರಳಿ ತಂದೆ. ಅವರ ಡಬ್ಬಿ ಮಾತ್ರ ನಮ್ಮಲ್ಲೇ ಉಳಿಯಿತು, ಮರೆವಿನಿಂದ.

ಕಳೆದ ಮಳೆಗಾಲದಲ್ಲಿ ಹಿಂದಿನ ಓಣಿಗೆ ಬಾಡಿಗೆಗೆ ಬಂದ ಹುಡುಗಿಯೊಬ್ಬಳಿಗೆ ಹೆರಿಗೆಯಾಯಿತು. ತವರಿನವರಿಲ್ಲ, ಮನೆಯವರ ಒಪ್ಪಿಗೆಯಿಲ್ಲದೆ ಆದ ಮದುವೆಯಂತೆ. ಓಣಿಯಲ್ಲಿ ಗುಸುಗುಸು ಇತ್ತು. ಕೈಗೆ ಸಿಕ್ಕ ಡಬ್ಬಿಯಲ್ಲಿ ಸಬ್ಬಸಿಗೆ ಸೊಪ್ಪಿನ ಪಲ್ಯ, ರೊಟ್ಟಿ ಕಳಿಸಿದೆ. ಸ್ವಲ್ಪ ದಿನಗಳ ಮೇಲೆ ಅವಳು ಅದರಲ್ಲೇ ಯಾರಿಗೋ ಏನೋ ಕಳಿಸಿದಳೆಂದು ಕೇಳಿದೆ. ಆ ಡಬ್ಬಿಯ ಮೇಲೆ ಗೃಹಿಣಿಯ ಅತ್ತೆಯ ಹೆಸರು ಕೆತ್ತಿಸಿತ್ತು.

ಮೊನ್ನೆ ನಳದ ಹತ್ತಿರ ಅವರು ಕೇಳಿದರು, "ಅಕ್ಕಾರ, ನಮ್ಮತ್ತಿ ಹೆಸರಿನ ಡಬ್ಬಿ ನಿಮ್ಮ ಕಡೆ ಐತೇನ್ರಿ?"

"ಇಲ್ಲರೀ. ಹಿಂದಿನ ಓಣ್ಯಾಗ ಹೋಗಿತ್ತು. ಈಗ ಯಾರ ಮನ್ಯಾಗ ಐತೋ" ಎಂದೆ, ಅಪರಾಧಿಯ ಹಾಗೆ.

ಅವರು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡರು. "ನಮ್ಮತ್ತಿ ಬದುಕಿದ್ದಾಗ ಹೊಸ್ತಿಲ ದಾಟಿದಾಕಿ ಅಲ್ಲ. ಈಗ ನೋಡ್ರಿ, ಊರೆಲ್ಲಾ ತಿರಗಾಕ ಹತ್ಯಾಳ" ಎಂದು ನಕ್ಕರು.